ಪಾಳಿ ಬಂದ ಮೇಲೆ

ಛಾಯಾ ಕೇಳಿದ್ದು ಪಂಚಶೀಲಾಳನ್ನು. ಉತ್ತರ ಕೊಟ್ಟದ್ದು ಪಂಚಶೀಲಾಳ ಅತ್ತೆ ಮಾಯಕ್ಕ.

"ಅದನ್ನೆಲ್ಲಾ ನಾವು ಇನ್ನಾ ಮಾಡ್ಸಿಲ್ರಿ ಬಾಯಾರ. ಕೂಸು ಗಟ್ಟಿ ಆಗ್ಲಿ, ಆಮ್ಯಾಲ ನೋಡೂಣು."

ಸನಮಡಿ ಊರಿನ ಆ ತಗಡಿನ ಚಾವಣಿಯ ಮನೆಯೊಳಗೆ ಕೂತರೆ ಬೆನ್ನಿಗೆ ಬೆಂಕಿ ಕಾಯಿಸಿಕೊಂಡಂತಾಗುತ್ತಿತ್ತು. ಛಾಯಾ ಟ್ಯಾಬಿನ ಮೇಲೆ ಬಿದ್ದ ಬೆವರನ್ನು ಓಢಣಿಯಿಂದ ಒರೆಸಿ, ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೊಮ್ಮೆ ಕೇಳಿದಳು. ಮತ್ತೊಮ್ಮೆ ಮಾಯಕ್ಕನೇ ಉತ್ತರ ಕೊಟ್ಟಳು.

ಛಾಯಾಳ ಕೆಲಸವೇ ಇಂಥ ಪ್ರಶ್ನೆ ಕೇಳುವುದು. ಪುಣೆಯ ಒಂದು ಸಂಶೋಧನಾ ಸಂಸ್ಥೆ ಗಡಿಯಾಚೆಯ ಜತ್ತ ತಾಲೂಕಿನಲ್ಲಿ ಹೆರಿಗೆಯಾದ ಹೆಂಗಸರನ್ನು ಒಂದು ವರ್ಷದ ತನಕ ಆಗಾಗ ಕಂಡು ವಿಚಾರಿಸುತ್ತಿತ್ತು. ಬಾಣಂತನದ ಮೇಲೆ ಮೈ ಹೇಗಿದೆ, ಮುಂದಿನ ಬಸಿರು ತಡೆಯಲು ಏನು ಬಳಸುತ್ತೀರಿ, ಅದು ಎಲ್ಲಿ ಸಿಕ್ಕಿತು, ಬಳಸುತ್ತಿಲ್ಲವಾದರೆ ಯಾಕೆ. ಜತ್ತದಲ್ಲೇ ಹುಟ್ಟಿ ಬೆಳೆದ ಛಾಯಾಳಿಗೆ ಕನ್ನಡ ಬರುತ್ತದೆ ಎಂದೇ ಅವಳನ್ನು ತೆಗೆದುಕೊಂಡಿದ್ದರು. ಆದರೆ ಟ್ಯಾಬಿನಲ್ಲಿದ್ದ ಪ್ರಶ್ನೆಗಳೆಲ್ಲ ಮರಾಠಿಯಲ್ಲಿ. ಕನ್ನಡ ಮಾಡುವುದು ಅವಳ ಬಾಯಿಗೆ ಬಿಟ್ಟದ್ದು. ಆ ಮರಾಠಿಯಲ್ಲಿ ಎಲ್ಲಕ್ಕೂ ಒಂದೇ ಹೆಸರು, ಕುಟುಂಬ ನಿಯೋಜನ. ಈ ಕಡೆಯ ಹಳ್ಳಿಗಳಲ್ಲಿ ಆ ಮಾತಿಗೆ ಇರುವುದು ಒಂದೇ ಅರ್ಥ, ಆಪರೇಶನ್. ತಪ್ಪದೆ ಗುಳಿಗೆ ನುಂಗುವವಳೂ "ಇಲ್ರಿ, ಇನ್ನಾ ಮಾಡ್ಸಿಲ್ಲ" ಎಂದು ತಲೆಯಾಡಿಸುತ್ತಿದ್ದಳು. ಛಾಯಾ ಇದನ್ನು ಪುಣೆಗೆ ಹೇಳಿ ಹೇಳಿ ಸಾಕಾಗಿದ್ದಳು. ಒಳ್ಳೆಯ ಸೂಚನೆ, ಮುಂದಿನ ಸಲ ನೋಡೋಣ ಎಂಬ ಉತ್ತರ ಪ್ರತಿಸಲವೂ ಬರುತ್ತಿತ್ತು, ಮುಂದಿನ ಸಲ ಮಾತ್ರ ಬರುತ್ತಿರಲಿಲ್ಲ.

"ಆಯಿ, ಒಂದೀಟು ಚಾ ಮಾಡ್ತೀರೇನು?" ಎಂದಳು ಛಾಯಾ. ಆ ಸೆಕೆಯಲ್ಲಿ ಅವಳಿಗೆ ಚಹ ಬೇಕಿರಲಿಲ್ಲ. ಅತ್ತೆಯನ್ನು ಎಬ್ಬಿಸಬೇಕಿತ್ತು. ಸೊಸೆಯಂದಿರ ಬಾಯಿ ಕಟ್ಟುವವರು ಅತ್ತೆಯಂದಿರೇ ಎಂದು ಅವಳು ಎಷ್ಟೋ ಮನೆಗಳಲ್ಲಿ ನೋಡಿದ್ದಳು. ಇಲ್ಲೂ ಅದೇ ಕತೆ ಎಂದು ಆಗಲೇ ಮನಸ್ಸಿನಲ್ಲಿ ಬರೆದುಕೊಂಡಿದ್ದಳು.

ಮಾಯಕ್ಕ ಒಳಗೆ ಹೋದದ್ದೇ ಪಂಚಶೀಲಾ ಕೂಸನ್ನು ಒಂದು ಮೊಲೆಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಮೆಲ್ಲಗೆ ಹೇಳಿದಳು:

"ನಾ ಹೋಗಿದ್ದೆರಿ ಅಕ್ಕಾರ. ಸುಮ್ನ ಕೂತಿಲ್ಲ ನಾ."

"ಎಲ್ಲಿ ಹೋಗಿದ್ದಿ?"

"ದವಾಖಾನಿಗಿ. ಇಂಜೆಕ್ಷನ್ ಸಿಗ್ತದಂತಲ್ರಿ, ಮೂರ ತಿಂಗಳಿಗೊಮ್ಮಿ ಮಾಡ್ಸೂದು, ಅದು ಬೇಕಂತ ಕೇಳಿದೆ. ಸಿಸ್ಟರ್ ಬಾಯಾರು, ಪಾಳಿ ಬಂದ ಮ್ಯಾಲ ಬಾ ಅಂದ್ರು."

ಪಾಳಿ ಎಂದರೆ ಮರಾಠಿಯಲ್ಲಿ ಮುಟ್ಟು. ಮುಟ್ಟಾದ ಮೇಲೆ ಬಾ ಎಂದು ಕಳಿಸಿದ್ದರು.

"ಮೊಲಿ ಕುಡಿಸ್ತೀನಿ, ಮುಟ್ಟು ಎಲ್ಲಿಂದ ಬರಬೇಕ್ರಿ ಅಕ್ಕಾರ? ದೊಡ್ಡಾಂವ ಹುಟ್ಟಿದಾಗೂ ಬಂದಿರಲಿಲ್ಲ. ಹಂಗs ಹೊಟ್ಯಾಗ ಇದು ನಿಂತಿತು." ಅವಳು ತೊಡೆಯ ಮೇಲಿನ ಕೂಸನ್ನು ಗದ್ದದಿಂದ ತೋರಿಸಿದಳು.

ಪಂಚಶೀಲಾಳ ಎರಡು ಹೆರಿಗೆಯೂ ಸಿಜೇರಿಯನ್. ದೊಡ್ಡವನು ಗೋಡೆ ಹಿಡಿದು ನಡೆಯುವ ಮೊದಲೇ ಎರಡನೆಯದು ಹೊಟ್ಟೆಯಲ್ಲಿತ್ತು. ಹೊಲಿಗೆಯ ಮೇಲೆ ಹೊಲಿಗೆ ಬಿದ್ದಿದೆ, ಇಷ್ಟರಲ್ಲೇ ಇನ್ನೊಂದು ಬಸಿರು ನಿಂತರೆ ಜೀವಕ್ಕೇ ತ್ರಾಸು ಎಂದು ಹೆರಿಗೆ ಮಾಡಿಸಿದ ಡಾಕ್ಟರು ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ಆಗಲೇ ಆಪರೇಶನ್ ಮಾಡಿಬಿಡುತ್ತೇವೆ ಎಂದೂ ಕೇಳಿದ್ದರು. ಆದರೆ ಅವತ್ತು ಕೂಸು ಗಾಜಿನ ಪೆಟ್ಟಿಗೆಯಲ್ಲಿತ್ತು. ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ಹಾಗಿರುವಾಗ ಆಪರೇಶನ್ನಿಗೆ ಹೂಂ ಎನ್ನಲು ಅವಳ ಗಂಡ ರಾಜರತ್ನನಿಗೆ ಬಾಯಿ ಬರಲಿಲ್ಲ, ಅವಳಿಗೂ ಬರಲಿಲ್ಲ.

"ಎರಡನೇ ಸಲ ಹೋದಾಗ, ಗಂಡನ್ನ ಕರಕೊಂಡ ಬಾ ಅಂದ್ರು. ಇವರು ಸಾಂಗ್ಲಿ ಅರಿಷಿಣ ಪ್ಯಾಟ್ಯಾಗ ಹಮಾಲಿ ಮಾಡ್ತಾರ್ರಿ. ಸುಟ್ಟಿ ತಗೊಂಡ ಬಂದ್ರು. ಆವತ್ತ ಡಾಕ್ಟರ ಮೀಟಿಂಗಿಗಿ ಹೋಗಿದ್ರು. ಮತ್ತ ಹೋದ್ರ, ಎರಡ ಮಕ್ಕಳಾದ್ವಲ್ಲಾ, ಆಪರೇಶನ್ನs ಮಾಡಿಸ್ಕೋ, ಇಂಜೆಕ್ಷನ್ ಯಾಕ ಬೇಕು ಅಂದ್ರು." ಅವಳು ನಾಚಿಕೆ ಮತ್ತು ಸಿಟ್ಟು ಎರಡೂ ಬೆರೆತ ದನಿಯಲ್ಲಿ ಅಂದಳು: "ಇವರು ಊರಿಗಿ ಬಂದಾಗ ಹೊರಗ ಕಟ್ಟಿ ಮ್ಯಾಲ ಮಲಗ್ತಾರ್ರಿ. ಎಷ್ಟ ದಿನಾ ಅಂತ ಮಲಗ್ತಾರ? ನಿಮ್ಮ ಮುಂದ ಸುಳ್ಳ ಯಾಕ ಹೇಳ್ಲಿ, ಯಾವಾಗ್ಲೂ ಕಟ್ಟಿ ಮ್ಯಾಲs ಇರಂಗಿಲ್ಲ."

ಛಾಯಾ ಟ್ಯಾಬು ನೋಡಿದಳು. ಬಳಸದಿರಲು ಕಾರಣ ಏನು? ಗಂಡನ ವಿರೋಧ. ಅತ್ತೆಮನೆಯವರ ವಿರೋಧ. ಧರ್ಮದ ಕಾರಣ. ಅಡ್ಡಪರಿಣಾಮದ ಹೆದರಿಕೆ. ಮಾಹಿತಿ ಇಲ್ಲ. ಮಕ್ಕಳು ಬೇಕು. ಇತರೆ. ಕೇಳಿದೆ, ಕೊಡಲಿಲ್ಲ ಎಂಬುದು ಅದರಲ್ಲಿ ಇರಲಿಲ್ಲ.

ಚಹದ ಬಟ್ಟಲು ಹಿಡಿದು ಬಂದ ಮಾಯಕ್ಕ ಎಲ್ಲವನ್ನೂ ಕೇಳಿಸಿಕೊಂಡೇ ಇದ್ದಳು. ಅವಳು ಸೊಸೆಯ ಮೇಲೆ ಹರಿಹಾಯುತ್ತಾಳೆ ಎಂದು ಛಾಯಾ ಎಣಿಸಿದ್ದಳು. ಮಾಯಕ್ಕ ನೆಲಕ್ಕೆ ಕುಕ್ಕರಿಸಿ ಕೂತು ಹೇಳಿದಳು:

"ನಾ ಇಲ್ಲಾ ಅಂದದ್ದು ಅದಕ್ಕs ರಿ. ಹೌದು ಅಂದ್ರ ಮತ್ತ ಹತ್ತ ಪ್ರಶ್ನಿ ಕೇಳ್ತೀರಿ. ಕೇಳಿ ಬರಕೊಂಡ ಹೋಗ್ತೀರಿ. ಔಷಧ ಯಾರೂ ಕೊಡಂಗಿಲ್ಲ."

ಛಾಯಾ ಚಹದ ಬಟ್ಟಲು ಕೆಳಗಿಟ್ಟು ಎದ್ದಳು.

ಮನೆಯ ಹೊರಗೆ ಬಂದು, ಬೇವಿನ ಗಿಡದ ಕೆಳಗೆ ನಿಂತು, ಅವಳು ಪುಣೆಗೆ ಫೋನು ಹಚ್ಚಿದಳು. ಈ ಅಧ್ಯಯನ ನಡೆಸುತ್ತಿದ್ದ ಮೇಡಂ ಒಳ್ಳೆಯವರೇ, ಮಾತು ಮೃದು. ಎಲ್ಲ ಕೇಳಿಸಿಕೊಂಡು ಅವರು ಮರಾಠಿಯಲ್ಲಿ ಸಮಾಧಾನವಾಗಿ ಹೇಳಿದರು:

"ಇತರೆ ಅಂತ ಹಾಕು ಛಾಯಾ."

"ಇತರೆ ಅಂತ ಹಾಕಿದರೆ ಏನು ತಿಳಿಯುತ್ತದೆ ಮೇಡಂ? ನಾನು ಅವಳನ್ನು ಕರೆದುಕೊಂಡು ಹೋಗಿ ಇಂಜೆಕ್ಷನ್ ಕೊಡಿಸಲೇ?"

"ಬೇಡ. ನೀನು ಕರೆದುಕೊಂಡು ಹೋದರೆ ನಾವು ಅಳೆಯುವುದು ನಿನ್ನನ್ನು, ಆರೋಗ್ಯ ಕೇಂದ್ರವನ್ನಲ್ಲ. ತರಬೇತಿಯಲ್ಲಿ ಹೇಳಿದ್ದೆನಲ್ಲ. ಕೇಳಬೇಕು, ಬರೆಯಬೇಕು. ನಡುವೆ ಕೈ ಹಾಕಬಾರದು."

ತರಬೇತಿಯಲ್ಲಿ ಹೇಳಿದ್ದು ಛಾಯಾಳಿಗೆ ನೆನಪಿತ್ತು. ಮಿರಜಿನ ಹೋಟೆಲಿನ ತಣ್ಣನೆಯ ಕೋಣೆಯಲ್ಲಿ ಆ ಮಾತು ಸರಿಯಾಗಿಯೇ ಕೇಳಿಸಿತ್ತು. ಈಗ ಅವಳು ಫೋನು ಇಟ್ಟು, ಒಳಗೆ ಹೋಗಿ, "ನಾಳಿ ಮುಂಜಾನಿ ತಯಾರಾಗಿರ್ರಿ" ಎಂದಳು.

"ನಾನೂ ಬರ್ತೀನಿ" ಎಂದಳು ಮಾಯಕ್ಕ.



ಮರುದಿನ ಪಂಚಶೀಲಾ ಕೂಸನ್ನು ಕಟ್ಟಿಕೊಂಡು ಛಾಯಾಳ ಸ್ಕೂಟಿಯ ಹಿಂದೆ ಕೂತಳು. ಮಾಯಕ್ಕ ದೊಡ್ಡ ಹುಡುಗನನ್ನು ನೆರೆಮನೆಯಲ್ಲಿ ಬಿಟ್ಟು ಬಾಡಿಗೆಗೆ ಜನ ತುಂಬುವ ವಡಾಪ ಜೀಪಿನಲ್ಲಿ ಒತ್ತಿಕೊಂಡು ಬಂದಳು. ಸ್ಕೂಟಿಯವರು ಬಂದು ನೋಡಿದರೆ ಅವಳು ಮೊದಲೇ ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಜಾಗ ಹಿಡಿದಿದ್ದಳು.

ನಂದಾ ಸಿಸ್ಟರ್ ತಾಸಗಾಂವ ಕಡೆಯವರು. ಕನ್ನಡ ತಿಳಿಯದು. ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಛಾಯಾಳನ್ನು ಕಂಡು ಮೊದಲು ಎದ್ದು ನಿಂತು ಕುರ್ಚಿ ತರಿಸಿದರು. ಸರ್ವೆಯವಳು ಎಂದು ಗೊತ್ತಾದ ಮೇಲೆ ಕುರ್ಚಿಯಲ್ಲಿ ತಾವೇ ಕೂತರು.

"ಪಾಳಿ ಬಂತೇ?" ಎಂದು ಪಂಚಶೀಲಾಳನ್ನು ಕೇಳಿದರು.

"ಇಲ್ರಿ."

"ಹಾಗಾದರೆ? ಹೇಳಿದ್ದೆನಲ್ಲ."

ಛಾಯಾ ತಾನು ಓದಿಕೊಂಡದ್ದನ್ನೆಲ್ಲ ಮರಾಠಿಯಲ್ಲಿ ಹೇಳಿದಳು. ಮೊಲೆಯುಣಿಸುವವಳಿಗೆ ಮುಟ್ಟು ತಡವಾಗುತ್ತದೆ, ಬಸಿರಿಲ್ಲ ಎಂದು ಖಾತ್ರಿಯಾದರೆ ಮುಟ್ಟಿಗಾಗಿ ಕಾಯುವ ಕಾರಣವಿಲ್ಲ, ಮೂತ್ರ ಪರೀಕ್ಷೆಯ ಪಟ್ಟಿ ಇದೆಯಲ್ಲ, ನೋಡಿಬಿಡಿ. ನಂದಾ ಸಿಸ್ಟರಿಗೂ ಅದು ಗೊತ್ತಿಲ್ಲದ ಮಾತೇನಲ್ಲ. "ಗೊತ್ತು ಬಾಯಿ" ಎಂದರು ದಣಿದ ದನಿಯಲ್ಲಿ. "ಹೋದ ವರ್ಷ ಒಬ್ಬಳಿಗೆ ಹಾಗೇ ಕೊಟ್ಟೆ. ಆಮೇಲೆ ಬಸಿರು ಇತ್ತು ಅಂತ ಆಯಿತು. ಅವಳ ಮನೆಯ ಗಂಡಸರು ಇಲ್ಲಿ ಬಂದು ನನ್ನ ಮೇಜು ಮುರಿದರು. ನಿಮ್ಮ ಪುಣೆಯವರು ಬರುತ್ತಾರೆಯೇ ಆಗ?"

ಛಾಯಾ ಅಷ್ಟಕ್ಕೇ ಬಿಡಲಿಲ್ಲ. ಪರೀಕ್ಷೆಯ ಪಟ್ಟಿ ಕೊಡಿ ಎಂದಳು. ಪಟ್ಟಿಗಳು ಆಶಾ ಕಾರ್ಯಕರ್ತೆಯರ ಹತ್ತಿರ ಇವೆ ಎಂದರು ಸಿಸ್ಟರ್. ಆಶಾಗೆ ಫೋನು ಹಚ್ಚಿದರೆ, ಅವು ಕೇಂದ್ರದಲ್ಲೇ ಇವೆ ಎಂದಳು ಆಶಾ. ಕೊನೆಗೆ ಛಾಯಾ ಎದುರಿನ ಮೆಡಿಕಲ್ಲಿನಿಂದ ತಾನೇ ಒಂದನ್ನು ತಂದಳು. ತಂದರೆ ಪಾಯಖಾನೆಗೆ ಬೀಗ. ಬೀಗದ ಕೈ ಸಿಪಾಯಿ ಲಗಮಣ್ಣನ ಹತ್ತಿರ. ಲಗಮಣ್ಣ ಲಸಿಕೆಯ ಡಬ್ಬಿ ಹೊತ್ತು ಬೆಳುಂಕಿಗೆ ಹೋಗಿದ್ದ.

ಮಾಯಕ್ಕ ಅಲ್ಲಿಯ ತನಕ ಸುಮ್ಮನೆ ಕೂತಿದ್ದವಳು ಎದ್ದಳು. ಅವಳಿಗೆ ಮರಾಠಿ ಬರುತ್ತಿತ್ತು, ಆದರೆ ಸಿಟ್ಟು ಬರುವುದು ಕನ್ನಡದಲ್ಲಿ.

"ಪಾಳಿ ಪಾಳಿ ಅಂತೀರಿ. ನಮ್ಮ ಪಾಳಿ ಯಾವಾಗ ಬರ್ತದ? ನಾ ಸಣ್ಣಾಕಿ ಇದ್ದಾಗ ಜೀಪು ತಗೊಂಡ ಬರ್ತಿದ್ರು, ಆಪರೇಶನ್ ಮಾಡ್ತೀವಿ ಬರ್ರಿ ಅಂತ. ನಾವು ಜ್ವಾಳದ ಹೊಲದಾಗ ಓಡಿ ಹೋಗಿ ಅಡಗಿ ಕುಂದ್ರತಿದ್ವಿ. ಈಗ ನಾವs ನಡಕೊಂಡ ಬಂದ್ರ ನೀವು ಅಡಗತೀರಿ. ಬೀಗದ ಕೈ ಬೆಳುಂಕಿಗಿ ಕಳಿಸಿ ಕೂತೀರಿ."

ನಂದಾ ಸಿಸ್ಟರಿಗೆ ಮಾತು ತಿಳಿಯಲಿಲ್ಲ, ಸಿಟ್ಟು ತಿಳಿಯಿತು. "ಏನಂತಾರೆ ಇವರು?" ಎಂದು ಛಾಯಾಳನ್ನು ಕೇಳಿದರು. ದಿನವಿಡೀ ಮಾತು ತಿರುಗಿಸುವುದೇ ಕೆಲಸವಾದ ಛಾಯಾ, "ಪಾಯಖಾನೆ ಎಲ್ಲಿ ಅಂತ ಕೇಳುತ್ತಾರೆ" ಎಂದಳು. ಮಾಯಕ್ಕ ಪಟ್ಟಿ ಹಿಡಿದು ಸೊಸೆಯನ್ನು ಕರೆದುಕೊಂಡು ಕೇಂದ್ರದ ಹಿಂದಿನ ಜಾಲಿ ಗಿಡಗಳ ಮರೆಗೆ ಹೋದಳು.

ಕೂಸು ಛಾಯಾಳ ಕೈಯಲ್ಲಿ ಉಳಿಯಿತು. ಹಗುರವಾದ ಕೂಸು. ಅವಳ ಕೊರಳ ಚೀಟಿಯನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು. ಅತ್ತೆ ಸೊಸೆ ಬರಲು ತಡವಾದಂತೆ ಛಾಯಾಳಿಗೆ ಸಂಕಟ ಶುರುವಾಯಿತು. ಯಾವಾಗಲೂ ಕಟ್ಟೆಯ ಮೇಲೇ ಇರುವುದಿಲ್ಲ ಎಂದಿದ್ದಳಲ್ಲ ಪಂಚಶೀಲಾ. ಆಗಲೇ ಬಸಿರು ನಿಂತುಬಿಟ್ಟಿದ್ದರೆ? ಇವಳನ್ನು ಇಲ್ಲಿಯ ತನಕ ಎಳೆದುಕೊಂಡು ಬಂದು ಆ ಸುದ್ದಿಯನ್ನು ಕೈಗೆ ಕೊಟ್ಟಂತಾಗುತ್ತದೆ. ಸಿಸ್ಟರನ್ನು ಬಯ್ಯಬೇಕೋ, ಪುಣೆಯವರನ್ನೋ, ತನ್ನನ್ನೋ ತಿಳಿಯದೆ ಅವಳು ಕೂಸಿನ ಬೆನ್ನು ತಟ್ಟುತ್ತ ವರಾಂಡದಲ್ಲಿ ಅತ್ತಿಂದಿತ್ತ ನಡೆದಳು.

ಪಂಚಶೀಲಾ ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಸಿಸ್ಟರ್ ಬೆಳಕಿಗೆ ಹಿಡಿದು ನೋಡಿದರು. ಒಂದೇ ಗೆರೆ. ಬಸಿರಿಲ್ಲ.

ಪಂಚಶೀಲಾ ಬೆಂಚಿನ ಮೇಲೆ ಕೂತು ಕಣ್ಣು ಒರೆಸಿಕೊಂಡಳು. ಇನ್ನೇನು ಆಯಿತು ಎಂದುಕೊಂಡಳು ಛಾಯಾ. ಒಳಗಿನಿಂದ ಡಾಕ್ಟರ್ ಕರೆದ. ಹೊಸದಾಗಿ ಬಂದ ಹುಡುಗ, ಇದೂ ಸೇರಿ ಹಲವು ಊರುಗಳ ಭಾರ ಅವನ ತಲೆಯ ಮೇಲೆ. ಪಂಚಶೀಲಾಳ ರಕ್ತದೊತ್ತಡ ನೋಡಿದ, ಹೊಲಿಗೆಯ ಬಗ್ಗೆ ಕೇಳಿದ, ಎಲ್ಲ ಸರಿಯಿದೆ ಎಂದ.

"ಆದರೆ ಇಂಜೆಕ್ಷನ್ ಮುಗಿದಿದೆ. ಮೇಲಿನಿಂದ ಬಂದಿಲ್ಲ. ತಾಂಬಿ ಹಾಕಿಸಿಕೊಳ್ಳಿ, ಈಗಲೇ ಹಾಕಿಬಿಡೋಣ. ಹಲವು ವರ್ಷ ಚಿಂತೆಯಿಲ್ಲ."

ತಾಂಬಿ ಎಂದರೆ ಗರ್ಭಚೀಲದಲ್ಲಿ ಕೂರಿಸುವ ಕಾಪರ್ ಟಿ. ಛಾಯಾಳಿಗೆ ಹೋದ ಜೀವ ಬಂದಂತಾಯಿತು. "ಆತು, ಹಾಕ್ಸಿಬಿಡು" ಎಂದಳು ಪಂಚಶೀಲಾಳಿಗೆ.

"ಬ್ಯಾಡ್ರಿ."

"ಯಾಕ?"

"ನಮ್ಮಕ್ಕಗ ಹಾಕಿದ್ರು. ತಿಂಗಳಾ ರಗತ ಭಾಳ ಹೋಗ್ತಿತ್ತು. ಹೊಲದಾಗ ಕೆಲಸ ಮಾಡಾಕ ಆಗ್ತಿರಲಿಲ್ಲ. ನನಗ ಬ್ಯಾಡ."

"ಎಲ್ಲಾರಿಗೂ ಹಂಗ ಆಗಂಗಿಲ್ಲ. ನನಗೂ ಹಾಕ್ಯಾರ, ಏನೂ ಆಗಿಲ್ಲ."

"ನೀವು ಸ್ಕೂಟಿ ಮ್ಯಾಲ ಅಡ್ಡಾಡತೀರಿ ಅಕ್ಕಾರ. ನಾ ಕುರ್ಪಿ ಹಿಡದು ಕುಂತ ಕಳೆ ತಗೀಬೇಕು."

ಛಾಯಾಳ ತಾಳ್ಮೆ ಹರಿಯಿತು. ಬೆಳಗಿನಿಂದ ಒಬ್ಬೊಬ್ಬರ ಹತ್ತಿರ ಹಲ್ಲು ಗಿಂಜಿ, ಪುಣೆಯವರ ಮಾತು ಮೀರಿ, ಜಾಲಿ ಗಿಡದ ಮರೆಯ ತನಕ ಕಳಿಸಿ ಇಷ್ಟು ದೂರ ತಂದರೆ, ಇವಳೇ ಬೇಡ ಎನ್ನುತ್ತಾಳೆ. "ಮತ್ತ ಬಂದದ್ಯಾಕ ನಾವು?" ಎಂದು ಒರಟಾಗಿಯೇ ಕೇಳಿದಳು. "ಸಿಕ್ಕದ್ದು ತಗೊಂಡ ಸುಮ್ನ ಇರಬಾರದೇನು?"

ಪಂಚಶೀಲಾ ಕೂಸನ್ನು ಅವಳ ಕೈಯಿಂದ ತೆಗೆದುಕೊಂಡಳು. ಮಾಯಕ್ಕ ಬಾಗಿಲಲ್ಲಿ ನಿಂತು ಹೇಳಿದಳು:

"ಇವರು ಆಪರೇಶನ್ ಮಾಡಿಸ್ಕೋ ಅಂದ್ರು. ನೀವು ತಾಂಬಿ ಹಾಕ್ಸಿಕೋ ಅಂತೀರಿ. ಏನ ಬೇಕವ್ವಾ ಅಂತ ಯಾರರ ಒಬ್ಬರು ಕೇಳ್ರಿ ಆಕಿನ್ನ."

ಆ ಹುಡುಗ ಡಾಕ್ಟರ್ ಪೆನ್ನು ಕೆಳಗಿಟ್ಟ. ಅವನಿಗೆ ಈ ಕಡೆಯ ಕನ್ನಡ ಅಷ್ಟಿಷ್ಟು ತಿಳಿಯುತ್ತಿತ್ತು. "ಗುಳಿಗೆ ಇದೆ" ಎಂದ. "ಮೊಲೆ ಕುಡಿಸುವವರೂ ತೆಗೆದುಕೊಳ್ಳಬಹುದು. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದೇ. ಮರೆಯಬಾರದು, ಅಷ್ಟೇ. ಛಾಯಾ ಅಂತ ಹೆಸರು."

ಪಂಚಶೀಲಾ ತಿರುಗಿ ಛಾಯಾಳನ್ನು ನೋಡಿ ನಕ್ಕಳು. ಈ ಕೆಲಸಕ್ಕೆ ಸೇರಿದಂದಿನಿಂದ ಛಾಯಾ ಆ ನಗೆಯನ್ನು ಕಂಡಕಂಡಲ್ಲಿ ಸಹಿಸಿಕೊಂಡು ಬಂದಿದ್ದಳು. ಸರಕಾರಕ್ಕೆ ಗುಳಿಗೆಗೆ ಇಡಲು ಬೇರೆ ಹೆಸರು ಸಿಗಲಿಲ್ಲವೇ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿತ್ತು.

"ಅದು ಕೊಡ್ರಿ" ಎಂದಳು ಪಂಚಶೀಲಾ. ಬೆಳಗಿನಿಂದ ಮೊದಲ ಸಲ ಅವಳ ದನಿ ಗಟ್ಟಿಯಾಗಿತ್ತು.

"ಆಯಿತವಾರ ಒಂದು, ಬುಧವಾರ ಒಂದು. ನಾ ನೆನಪ ಮಾಡ್ತೀನಿ" ಎಂದಳು ಮಾಯಕ್ಕ. ನಂದಾ ಸಿಸ್ಟರ್ ಒಳಗಿನಿಂದ ಗುಳಿಗೆಯ ಪಟ್ಟಿಗಳನ್ನು ತಂದುಕೊಟ್ಟರು. ಕೊಡುವಾಗ, ತಲೆ ತಿರುಗಿದರೆ ಫೋನು ಮಾಡು ಎಂದು ತಮ್ಮ ನಂಬರನ್ನೂ ಹೇಳಿದರು. ಬಾಗಿಲಲ್ಲಿ ಪಂಚಶೀಲಾಳ ಹೆಗಲ ಮೇಲೆ ಕೈ ಇಟ್ಟು ಛಾಯಾ, "ಸಿಟ್ಟಿನಾಗ ಅಂದೆ" ಎಂದಳು. ಪಂಚಶೀಲಾ, "ಬಿಡ್ರಿ ಅಕ್ಕಾರ" ಎಂದಳು.

ಪುಣೆಗೆ ವಿಷಯ ಮುಚ್ಚಿಡಲು ಛಾಯಾಳಿಗೆ ಮನಸ್ಸಾಗಲಿಲ್ಲ. ಅಂದೇ ಸಂಜೆ ಫೋನು ಮಾಡಿ ಎಲ್ಲ ಹೇಳಿದಳು.

"ಪಂಚಶೀಲಾಳ ಉತ್ತರಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ ಈಗ" ಎಂದರು ಮೇಡಂ. "ನೋಡು ಛಾಯಾ, ಇಷ್ಟು ಜನ ಹೆಂಗಸರು ಕೇಳಲು ಹೋಗಿ ಬರಿಗೈಲಿ ಬಂದರು ಅಂತ ನಾನು ಮೇಲಿನವರ ಮುಂದೆ ಇಟ್ಟರೆ ಅವರು ಕೇಳುತ್ತಾರೆ. ನೀನು ಒಬ್ಬೊಬ್ಬರನ್ನೇ ಒಳಗೆ ನುಗ್ಗಿಸುತ್ತ ಹೋದರೆ, ಬಾಗಿಲು ಮುಚ್ಚಿತ್ತು ಅನ್ನುವುದೇ ಯಾರಿಗೂ ತಿಳಿಯುವುದಿಲ್ಲ."

ಮಾತು ಸುಳ್ಳಲ್ಲ ಎನ್ನುವುದೇ ಛಾಯಾಳಿಗೆ ಹೆಚ್ಚು ಸಿಟ್ಟು ತರಿಸಿತು.

"ನೀವು ಎಣಿಸಿ ಮುಗಿಸುವಷ್ಟರಲ್ಲಿ ಅವರೆಲ್ಲ ಬಸಿರಾಗಿರುತ್ತಾರೆ ಮೇಡಂ. ಅಲ್ಲದೆ, ಬರಿಗೈಲಿ ಬಂದಿರಾ ಅಂತ ನೀವು ಟ್ಯಾಬಿನಲ್ಲಿ ಎಲ್ಲಿ ಕೇಳಿದ್ದೀರಿ? ಇತರೆ ಅಂತ ಹಾಕು ಅಂದಿರಿ. ಅದರಿಂದ ಯಾವ ಬಾಗಿಲು ಕಾಣುತ್ತದೆ?"

ಹೀಗೆ ಮಾತಾಡಿದ ಮೇಲೆ ಕೆಲಸ ಹೋಯಿತೆಂದೇ ಅವಳು ತಿಳಿದಳು. ಹೋಗಲಿಲ್ಲ. ಒಂದು ವಾರದ ಮೇಲೆ ಟ್ಯಾಬಿನಲ್ಲಿ ಹೊಸ ಪ್ರಶ್ನೆ ಬಂತು: ಕೇಳಲು ಹೋಗಿದ್ದಿರಾ, ಹೋದಾಗ ಏನು ಹೇಳಿ ಕಳಿಸಿದರು? ಕುಟುಂಬ ನಿಯೋಜನ ಎಂಬ ಮಾತಿನ ಜಾಗದಲ್ಲಿ ಗುಳಿಗೆ, ಇಂಜೆಕ್ಷನ್, ತಾಂಬಿ, ನಿರೋಧ, ಆಪರೇಶನ್ ಎಂದು ಬಿಡಿಸಿ ಬರೆದಿದ್ದರು. ಕರಜಗಿಯಲ್ಲಿ ಯಮನವ್ವ ಎಂಬ ಬಾಣಂತಿಗೆ ಛಾಯಾ ಅದನ್ನು ಮೊದಲ ಸಲ ಓದಿ ಹೇಳಿದಾಗ ಆಕೆ ಕೂಸನ್ನು ಕೆಳಗೆ ಮಲಗಿಸಿ, ಚಾಪೆ ಹಾಸಿ, "ಕುಂದ್ರಿ, ಹೇಳ್ತೀನಿ" ಎಂದಳು. ಆಕೆಯ ಮಾತು ಮುಗಿಯುವಷ್ಟರಲ್ಲಿ ಟ್ಯಾಬಿನ ಬ್ಯಾಟರಿ ಮುಗಿದಿತ್ತು. ಛಾಯಾ ಮತ್ತೆ ಮೊದಲಿನಿಂದ ಕೇಳಬೇಕಾಯಿತು.

ವರ್ಷದ ಕೊನೆಯ ಭೇಟಿಗೆ ಅವಳು ಸನಮಡಿಗೆ ಹೋದಾಗ ಮನೆಗೆ ಬೀಗ ಹಾಕಿತ್ತು. ಲೆಕ್ಕದಿಂದ ತೆಗೆದವಳಾದರೂ ಭೇಟಿ ಪೂರ್ತಿ ಮಾಡಬೇಕೆಂಬುದು ನಿಯಮ. ನೆರೆಯವರು ಕೊಟ್ಟ ನಂಬರಿಗೆ ಹಚ್ಚಿದಳು. ಪಂಚಶೀಲಾ ಮಕ್ಕಳನ್ನೂ ಅತ್ತೆಯನ್ನೂ ಕರೆದುಕೊಂಡು ಸಾಂಗ್ಲಿಗೆ, ಗಂಡನ ಹತ್ತಿರ ಹೋಗಿದ್ದಳು. ಫೋನಿನಲ್ಲಿ ಅವಳ ಹಿಂದೆ ತಕ್ಕಡಿಯವರ ಕೂಗು, ಲಾರಿಯ ಸದ್ದು ಕೇಳುತ್ತಿತ್ತು.

"ಜೈ ಭೀಮ ಅಕ್ಕಾರ. ಕೂಸು ನಡೀಲಾಕತ್ತದ್ರಿ. ಗಟ್ಟಿ ಆಗ್ಯದ. ಗುಳಿಗಿ ಬಿಟ್ಟಿಲ್ಲ. ಈಗ ಆಪರೇಶನ್ ಮಾಡಿಸ್ಕೊಂಡ ಬಿಡೂಣು ಅಂತ ಇಲ್ಲಿ ದವಾಖಾನಿಗಿ ಹೋಗಿದ್ದೆ."

"ಏನಂದ್ರು?"

"ಆಧಾರ ಕಾರ್ಡಿನ್ಯಾಗ ಜತ್ತ ಅದ, ನಿಮ್ಮ ತಾಲೂಕಕ್ಕ ಹೋಗು ಅಂದ್ರು." ಪಂಚಶೀಲಾ ಸಣ್ಣಗೆ ನಕ್ಕಳು. "ನಾ ಹೋಗಲಿಲ್ರಿ. ಅತ್ತಿ ಬುತ್ತಿ ಕಟ್ಟಿಕೊಂಡ ಬಂದಿದ್ರು. ಇಬ್ಬರೂ ಅಲ್ಲೇ ಬೆಂಚಿನ ಮ್ಯಾಲ ಕುಂತು ಉಂಡ್ವಿ. ಆಸ್ಪತ್ರಿ ಬಾಗಿಲ ಹಾಕೂ ಹೊತ್ತಿಗಿ ತಾರೀಖ ಬರದ ಕೊಟ್ರು. ಬರೂ ಸೋಮವಾರ."

ಛಾಯಾ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ ಮುಗಿಸಿದಳು. ಕೊನೆಯ ಪ್ರಶ್ನೆ ಓದುವಾಗ ಅವಳಿಗೇ ಬೇಸರ ಬಂತು. ಈ ಒಂದು ವರ್ಷದಲ್ಲಿ ಸಿಕ್ಕ ಸೇವೆಯ ಬಗ್ಗೆ ನಿಮಗೆ ಪೂರ್ತಿ ಸಮಾಧಾನವಿದೆಯೇ, ಅರ್ಧ ಸಮಾಧಾನವಿದೆಯೇ, ಇಲ್ಲವೇ?



"ಪೂರ್ತಿ ಸಮಾಧಾನ ಅದ ಅಂತ ಬರೀರಿ ಅಕ್ಕಾರ" ಎಂದಳು ಪಂಚಶೀಲಾ. "ಇಲ್ಲಾ ಅಂದ್ರ ಯಾಕ ಇಲ್ಲ ಅಂತ ಕೇಳಾಕ ಮತ್ತ ಯಾರರ ಬರ್ತಾರ."